ಹೊಗೆಯ ಬುಡದಲ್ಲೊಂದು ಚುಕ್ಕೆ

ನನ್ನ ಗಂಡ ಮೋಹನದಾಸರಿಗೆ ಮೂಗಿನ ಕೆಳಗಿಟ್ಟ ಕನ್ನಡಕ ಕಾಣುವುದಿಲ್ಲ. ಆದರೆ ಉಪಗ್ರಹದ ಕಣ್ಣಿನಿಂದ ಇಡೀ ಕರಾವಳಿಯನ್ನು ನೋಡುವ ಹುಚ್ಚು. ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಮಾಡಿದ್ದು ಸಾಲದೆ, ಯಾವುದೋ ಪತ್ರಿಕೆಯವರು ಗುಜರಿಗೆ ಹಾಕಿದ್ದ ಚಿತ್ರ ಮೂಡಿಸುವ ಯಂತ್ರವನ್ನು ಹೊತ್ತು ತಂದರು. ಕದ್ರಿಯ ನಮ್ಮ ತಾರಸಿಯಲ್ಲಿ ನಾನು ಬಟ್ಟೆ ಒಣಗಿಸುತ್ತಿದ್ದ ಜಾಗಕ್ಕೆ ಉಪಗ್ರಹದ ಸಂಕೇತ ಹಿಡಿಯುವ ಆಂಟೆನಾ ಬಂತು. ಅದನ್ನು ಕಟ್ಟಿಕೊಟ್ಟವನು ನನ್ನ ತಮ್ಮ ಚಿತ್ತರಂಜನ. ತವರಿನವರ ಹೋಟೆಲಿನ ಗಲ್ಲಾದಲ್ಲಿ ಕೂರು ಎಂದರೆ ಕೇಳದೆ ಅರಣ್ಯ ಇಲಾಖೆ ಸೇರಿ, ಘಟ್ಟದಲ್ಲಿ ರೇಂಜರ್ ಆಗಿದ್ದ. ರಜೆ ಸಿಕ್ಕಿದಾಗಲೆಲ್ಲ ಬಂದು ಭಾವನ ಜೊತೆ ತಂತಿ ಸುತ್ತುತ್ತಿದ್ದ. ಇಬ್ಬರಿಗೂ ಹೇಳುವವರಿಲ್ಲ, ಕೇಳುವವರಿಲ್ಲ.

ಬೆಳಿಗ್ಗೆ ಏಳೂವರೆಯ ಹೊತ್ತಿಗೆ ಉಪಗ್ರಹ ನಮ್ಮ ನೆತ್ತಿಯ ಮೇಲೆ ಹಾಯುತ್ತಿತ್ತು. ಯಂತ್ರ ಟಿಕ್ ಟಿಕ್ ಎನ್ನುತ್ತ ಒದ್ದೆ ಕಾಗದದ ಮೇಲೆ ಒಂದೊಂದೇ ಗೆರೆ ಎಳೆದು ಚಿತ್ರ ಮೂಡಿಸುತ್ತಿತ್ತು. ಕಪ್ಪಗೆ ಸಮುದ್ರ, ಮಸುಕಾಗಿ ನಮ್ಮ ಊರು, ಆಚೆಗೆ ಘಟ್ಟ. ನಿದ್ದೆಗಣ್ಣಿನಲ್ಲಿ ನೋಡುವಾಗ ನಾವೇ ಎಲ್ಲೋ ಮೇಲೆ ತೇಲುತ್ತಿದ್ದೇವೆ ಎನಿಸುತ್ತಿತ್ತು.

ಎಂಬತ್ತನಾಲ್ಕರ ಮಾರ್ಚಿನಲ್ಲಿ ಘಟ್ಟಕ್ಕೆ ಬೆಂಕಿ ಬಿತ್ತು. ಕಾಗದದ ಮೇಲೆ ಬೆಳ್ಳಗೆ ಒಂದು ಎಳೆ ಮೂಡಿತು.

"ಮೋಡ ಅಲ್ಲ ಆಶಾ, ಹೊಗೆ," ಎಂದರು ಇವರು. "ಬೆಳಗ್ಗಿನ ಮೂಡು ಗಾಳಿ ಅದನ್ನು ಸಮುದ್ರಕ್ಕೆ ತಳ್ತಾ ಉಂಟು."

ಚಿತ್ತನ ಕ್ವಾರ್ಟರ್ಸ್ ಇರುವಲ್ಲಿ ಪೆನ್ಸಿಲಿನಿಂದ ಒಂದು ಚುಕ್ಕೆ ಇಟ್ಟರು. ಅದು ಹೊಗೆಯ ಬುಡದಲ್ಲೇ ಬಿತ್ತು.

"ಚಿತ್ತ ಕಾಣ್ತಾನಾ?"

"ಎಂತ ಮಾರಾಯ್ತಿ! ಇದರಲ್ಲಿ ಇಡೀ ಉರ್ವ ಪೇಟೆಯೇ ಸಿಕ್ಕಲಿಕ್ಕಿಲ್ಲ, ನಿನ್ನ ತಮ್ಮ ಸಿಕ್ತಾನಾ?"

ಟ್ರಂಕ್ ಕಾಲ್ ಬುಕ್ ಮಾಡಿದರೆ ಆಚೆ ಲೈನೇ ಇಲ್ಲ. ಇಲಾಖೆಯವರಿಗೂ ಸುದ್ದಿ ಇಲ್ಲ. ಅವನು ಬದುಕಿದ್ದಾನೋ ಇಲ್ಲವೋ ತಿಳಿಯಲು ನನಗೆ ಉಳಿದದ್ದು ಆ ಒದ್ದೆ ಕಾಗದವೊಂದೇ. ದಿನವೂ ಇವರಿಗಿಂತ ಮೊದಲೇ ಹೋಗಿ ಯಂತ್ರದ ಮುಂದೆ ಕೂರತೊಡಗಿದೆ. ಹೊಗೆ ದಿನದಿಂದ ದಿನಕ್ಕೆ ಉದ್ದವಾಗಿ, ನಮ್ಮ ಮನೆಯ ಮೇಲಿಂದಲೇ ಹಾದು, ಸಮುದ್ರದ ಮೇಲೆ ಒಣಹಾಕಿದ ಸೀರೆಯ ಸೆರಗಿನಂತೆ ಹರಡುತ್ತಿತ್ತು. ಹೇಳಬಾರದು, ಬಹಳ ಚೆಂದ ಇತ್ತು. ಮಧ್ಯಾಹ್ನ ಕಣ್ಣು ಹತ್ತಿದರೆ ಕನಸಿನಲ್ಲಿ ನಾನು ಅದರ ಮೇಲೆ ಬರಿಗಾಲಲ್ಲಿ ನಡೆಯುತ್ತಿದ್ದೆ. ಊರಂಚಿನ ಕುಲಶೇಖರದ ಹಂಚಿನ ಮಾಡುಗಳು ಕೆಳಗೆ ಸಣ್ಣಗೆ ಸರಿಯುತ್ತಿದ್ದವು. ಕಾಲಡಿ ಬೆಚ್ಚಗಿರುತ್ತಿತ್ತು. ಇನ್ನೇನು ಘಟ್ಟ ಮುಟ್ಟಬೇಕು ಎನ್ನುವಾಗ ಎಚ್ಚರವಾಗುತ್ತಿತ್ತು.

ಗುರುವಾರದ ಚಿತ್ರದಲ್ಲಿ ಹೊಗೆಯ ಬುಡ ಅಗಲವಾಗಿ ಹಬ್ಬಿತ್ತು. ಇವರು ಪೆನ್ಸಿಲ್ ಹಿಡಿದು ಕುಳಿತರು, ಚುಕ್ಕೆ ಇಡಲಿಲ್ಲ.

ಶುಕ್ರವಾರ ನಾನು ಅಡುಗೆಮನೆಯಿಂದ ಹೊರಗೆ ಬರಲಿಲ್ಲ. ಟಿಕ್ ಟಿಕ್ ಕೇಳಬಾರದೆಂದು ನಲ್ಲಿ ಬಿಟ್ಟೆ.

"ಆಶಾ, ಬಾ! ಹೊಗೆ ಇಲ್ಲ, ಚೂರೂ ಇಲ್ಲ!" ಎಂದು ಇವರು ಕೂಗಿದರು.

ಬೆಂಕಿ ನಂದಿದರೂ ಹೊಗೆ ಇರುವುದಿಲ್ಲ, ಸುಡಲು ಏನೂ ಉಳಿಯದಿದ್ದರೂ ಇರುವುದಿಲ್ಲ. ಅಷ್ಟು ತಿಳಿಯಲು ಭೌತಶಾಸ್ತ್ರ ಬೇಕೇ? ಹೆದರಿಕೆಯಾಯಿತು. ಹೋಗಿ ನೋಡಲಿಲ್ಲ. ಆ ಕಾಗದವನ್ನು ಇವತ್ತಿಗೂ ನೋಡಿಲ್ಲ.

ಶನಿವಾರ ಸಂಜೆ ಗೇಟು ಸದ್ದಾಯಿತು. ಚಿತ್ತ! ಹುಬ್ಬು ಸುಟ್ಟಿತ್ತು, ತುಟಿ ಒಡೆದಿತ್ತು, ಮೈಯೆಲ್ಲ ಬೂದಿ. ತಬ್ಬಿಕೊಂಡು ಅತ್ತೆ, ಬೈದೆ, ಮತ್ತೆ ಅತ್ತೆ. ಎರಡು ತಂಬಿಗೆ ಮಜ್ಜಿಗೆ ಕುಡಿದು ಅವನು ಮೆಟ್ಟಿಲ ಮೇಲೇ ಕುಳಿತ.

"ಅಕ್ಕ, ನಗಾಡಬೇಡ. ದಿನಾ ಏಳೂವರೆಗೆ ಎಲ್ಲಿದ್ರೂ ಸರಿ, ಬಂಡೆ ಹತ್ತಿ ಮೇಲೆ ನೋಡಿ ಕೈ ಬೀಸ್ತಿದ್ದೆ. ಆ ಹೊತ್ತಿಗೆ ನೀನು ನೋಡ್ತಾ ಇರ್ತಿ ಅಂತ ಗೊತ್ತುಂಟಲ್ಲ. ಕೆಳಗೆ ಬೆಂಕಿ, ಒಬ್ಬನೇ. ನೀನು ಮೇಲಿಂದ ನೋಡ್ತಾ ಇದ್ದಿ ಅಂತ ಒಂದು ಧೈರ್ಯ."

ನಾನು ಖಾಲಿ ತಂಬಿಗೆ ಎತ್ತಿಕೊಂಡೆ.

"ಹೊಗೆಯಲ್ಲಿ ಎಂತ ಕಾಣ್ತದೆ, ಬಿಡು," ಎಂದು ಅವನೇ ಮುಂದುವರಿಸಿದ. "ಆದ್ರೆ ನಿನ್ನೆ ಆಕಾಶ ಎಷ್ಟು ಚೆಂದ ತೊಳೆದ ಹಾಗೆ ಇತ್ತು! ನಿನ್ನೆ ಅಂಗಿ ತೆಗೆದು ಬೀಸಿದೆ, ಕೈ ಸೋಲುವವರೆಗೆ. ನಿನ್ನೆಯಾದ್ರೂ ಕಂಡಿತಾ ಅಕ್ಕ?"

ಇವರು ಏನೋ ವಿವರಿಸಲು ಬಾಯಿ ತೆರೆದರು. ನನ್ನ ಮುಖ ನೋಡಿ ಮುಚ್ಚಿಕೊಂಡರು.

"ಕಂಡಿತು ಮಾರಾಯ," ಎಂದೆ. "ನಿನ್ನೆ ಕಂಡಿತು."