ಮಡಿಗೆ ಬಂದ ಮೋಟಾರ್ ಸೈಕಲ್ಲು

ನನ್ನ ಗಂಡ ವಿಲಾಯಿತಿಯಿಂದ ವಾಪಸು ಬಂದಾಗ ಅವರ ಮೋಟಾರ್ ಸೈಕಲ್ಲಿಗೆ ಮನೆಯೊಳಗೆ ಜಾಗ ಸಿಕ್ಕಿತು, ಅವರಿಗೆ ಜಗಲಿಯ ಮೇಲೆ. ಇದರಲ್ಲಿ ಯಾರ ತಪ್ಪೂ ಇರಲಿಲ್ಲ. ಶ್ರೀರಂಗಪಟ್ಟಣದ ನಮ್ಮ ಬೀದಿಯಲ್ಲಿ ಎಲ್ಲವೂ ಶಾಸ್ತ್ರಪ್ರಕಾರವೇ ನಡೆಯುತ್ತಿತ್ತು, ಸಾವಿರದ ಒಂಬೈನೂರ ಇಪ್ಪತ್ತಾರನೆಯ ಇಸವಿಯಲ್ಲಿಯೂ.

ಗಂಡನ ಹೆಸರನ್ನು ನಾನು ಹೇಳುವ ಹಾಗಿಲ್ಲ. ಮಾವ ಸುಬ್ಬಣ್ಣನವರು ಅನಂತರಾಮು ಎಂದು ಕರೆಯುತ್ತಿದ್ದರು, ನೀವೂ ಹಾಗೇ ಕರೆದುಕೊಳ್ಳಿ. ನನಗೆ ‘ಅವರು’ ಅಂದರೆ ಸಾಕು. ಹನ್ನೆರಡಕ್ಕೆ ಮದುವೆ ಮಾಡಿ, ಹದಿನೈದು ತುಂಬಿದ ಮೇಲೆ ನನ್ನನ್ನು ನಾಗಮಂಗಲದ ತವರಿನಿಂದ ಈ ಮನೆಗೆ ಕಳಿಸಿಕೊಟ್ಟರು. ಮೂರು ತಿಂಗಳಿಗೆ ಅವರು ಇಂಜಿನಿಯರಿಂಗ್ ಕಲಿಯಲು ಮ್ಯಾಂಚೆಸ್ಟರಿಗೆ ಹೊರಟರು. ನಾಲ್ಕು ವರ್ಷ ಬರಲಿಲ್ಲ.

ಕಾಗದ ಮಾತ್ರ ಬರುತ್ತಿತ್ತು, ನನಗಲ್ಲ. ಗಂಡ ಹೆಂಡತಿಗೆ ಕಾಗದ ಬರೆಯುವುದು ಆಗ ನಾಚಿಕೆಗೇಡಿನ ಸಂಗತಿ. ಮಾವನವರ ಹೆಸರಿಗೆ ಬಂದದ್ದನ್ನು ಅವರು ಜಗಲಿಯ ಮೇಲೆ ಕೂತು, ನಾಲ್ಕು ಜನರನ್ನು ಸೇರಿಸಿಕೊಂಡು, ಪುರಾಣ ಓದುವ ಧಾಟಿಯಲ್ಲಿ ಓದುತ್ತಿದ್ದರು. ನಾನು ನಡುಮನೆಯ ಬಾಗಿಲ ಹಿಂದೆ ಕೈಯಲ್ಲೊಂದು ಪಾತ್ರೆ ಹಿಡಿದು ನಿಂತು ಕೇಳುತ್ತಿದ್ದೆ. ಪಾತ್ರೆ ಯಾಕೆ ಅಂದರೆ, ಸುಮ್ಮನೆ ನಿಂತ ಸೊಸೆಯನ್ನು ಯಾವ ಅತ್ತೆಯೂ ನಿಲ್ಲಲು ಬಿಡುವುದಿಲ್ಲ.

ಎರಡನೆಯ ವರ್ಷ ಅವರು ಯಾರೋ ಉಪಯೋಗಿಸಿ ಬಿಟ್ಟ ಮೋಟಾರ್ ಸೈಕಲ್ಲೊಂದನ್ನು ಕೊಂಡರು. ಅಲ್ಲಿಂದ ಮುಂದೆ ಕಾಗದಗಳ ರೂಪವೇ ಬದಲಾಯಿತು. ರಜಾ ಬಂದರೆ ಸಾಕು, ಗಾಡಿ ಹತ್ತಿ ಹೊರಟುಬಿಡುತ್ತಿದ್ದರು. ಹುಲ್ಲಿನ ಬಣವೆಯ ಪಕ್ಕದಲ್ಲಿ ಮಲಗಿದ್ದು, ಸ್ಕಾಟ್‌ಲೆಂಡಿನಲ್ಲಿ ಹಿಮ ಬಿದ್ದು ಬೆರಳು ಮರಗಟ್ಟಿದ್ದು, ಒಂದು ಸಲ ಹಡಗಿನಲ್ಲಿ ಗಾಡಿಯನ್ನೂ ಹಾಕಿಕೊಂಡು ಫ್ರಾನ್ಸಿಗೆ ದಾಟಿದ್ದು, ಅಲ್ಲೊಬ್ಬಳು ಮುದುಕಿ ಇವರ ಬಣ್ಣ ನೋಡಿ ಹೆದರಿ, ಆಮೇಲೆ ಬಿಸಿ ಹಾಲು ಕೊಟ್ಟಿದ್ದು. ಅಷ್ಟು ಚೆನ್ನಾಗಿ ಬರೆಯುತ್ತಿದ್ದರು. ಕೊನೆಗೆ ‘ಮನೆಯಲ್ಲಿ ಎಲ್ಲರನ್ನೂ ಕೇಳಿದೆನೆಂದು ತಿಳಿಸುವುದು’ ಎಂದಿರುತ್ತಿತ್ತು. ಆ ‘ಎಲ್ಲರ’ ಒಳಗೆ ನಾನಿದ್ದೆ, ಮನೆಯ ಎರಡು ಹಸುಗಳೂ ಇದ್ದವು ಅಂತ ಕಾಣುತ್ತದೆ.

ನಿಜ ಹೇಳುತ್ತೇನೆ, ಆ ಕಾಗದ ಬರೆಯುವ ಮನುಷ್ಯನನ್ನು ನಾನು ಬಾಗಿಲ ಹಿಂದೆ ನಿಂತೇ ಪ್ರೀತಿಸಿದೆ. ಮುಖ ಅರ್ಧ ಮರೆತುಹೋಗಿತ್ತು.

ಅವರು ಬಂದದ್ದು ಆಷಾಢದಲ್ಲಿ. ಹಿಂದೆಯೇ ರೈಲಿನಲ್ಲಿ ಬೊಂಬಾಯಿಯಿಂದ ಆಳೆತ್ತರದ ಮರದ ಪೆಟ್ಟಿಗೆ ಬಂತು. ಸ್ಟೇಷನ್ನಿನಿಂದ ಎತ್ತಿನ ಗಾಡಿಯ ಮೇಲೆ ತಂದು ಬೀದಿಯಲ್ಲೇ ಒಡೆದರು. ಕಪ್ಪಗೆ ಮಿರಮಿರ ಮಿಂಚುವ ಮೋಟಾರ್ ಸೈಕಲ್ಲು. ಬೀದಿಯ ಹಸು ಒಂದು ಬಂದು ಮೂಸಿತು. ಮಾವನವರಿಗೆ ಅದನ್ನು ಒಳಗೆ ತೊಟ್ಟಿಯ ಅಂಗಳಕ್ಕೆ ತರಿಸಬೇಕೆಂದು ಆಸೆ. ಆದರೆ ಅದೂ ಸಮುದ್ರ ದಾಟಿ ಬಂದದ್ದಲ್ಲವೇ? ನರಹರಿಶಾಸ್ತ್ರಿಗಳನ್ನು ಕರೆಸಿದರು.

ಶಾಸ್ತ್ರಿಗಳು ಅಪ್ಪ, ಮಗ, ಯಂತ್ರ ಮೂವರನ್ನೂ ನೋಡಿ ನಶ್ಯ ಏರಿಸಿ ತೀರ್ಪು ಕೊಟ್ಟರು. ಮನುಷ್ಯನಿಗೆ ಪ್ರಾಯಶ್ಚಿತ್ತ ಆಗಬೇಕು, ಪಂಚಗವ್ಯ ಆಗಬೇಕು, ಮೀಸೆ ತೆಗೆಯಬೇಕು. ಆಷಾಢದಲ್ಲಿ ಅದಾಗುವುದಿಲ್ಲ, ಶ್ರಾವಣಕ್ಕೆ ನೋಡೋಣ, ಅಲ್ಲಿಯವರೆಗೆ ಜಗಲಿ. ಯಂತ್ರ ಲೋಹ. ಲೋಹಕ್ಕೆ ಪಾಪವಿಲ್ಲ, ಮೈಲಿಗೆ ಮಾತ್ರ. ಪಾತ್ರೆಗೆ ಏನು ವಿಧಿಯೋ ಇದಕ್ಕೂ ಅದೇ, ಹುಣಸೆಹಣ್ಣು, ಬೂದಿ, ನೀರು. ಕೂರುವ ಚರ್ಮದ ಪೀಠ ತೆಗೆದುಹಾಕಿ, ಬೇಕಾದರೆ ಮೇಲೆ ಕೃಷ್ಣಾಜಿನ ಹಾಸಿಕೊಳ್ಳಬಹುದು.

“ಅದೂ ಚರ್ಮವೇ ಅಲ್ವೇ?” ಅಂದರು ಅವರು.

“ಅದು ಜಿಂಕೆದಪ್ಪ,” ಅಂದರು ಶಾಸ್ತ್ರಿಗಳು, ಮಗುವಿಗೆ ಹೇಳುವ ಹಾಗೆ.

ಅವರು ವಾದ ಮಾಡಲಿಲ್ಲ. ಯಾಕೆ ಮಾಡಲಿಲ್ಲ ಅಂತ ಅವತ್ತೇ ಸಂಜೆ ಗೊತ್ತಾಯಿತು. ಜಗಲಿಯಲ್ಲಿ ಊಟದ ಎಲೆಯ ಮುಂದೆ ಕೂತು ಮಾವನವರಿಗೆ ಹೇಳಿದರು, “ಬೊಂಬಾಯಲ್ಲಿ ಒಂದು ಮಿಲ್ಲಿನಲ್ಲಿ ಕೆಲಸ ಆಗಿದೆ. ಸೋಮವಾರ ಹೊರಡ್ತೀನಿ, ಗಾಡಿ ಮೇಲೇ. ಪ್ರಾಯಶ್ಚಿತ್ತ ಎಲ್ಲ ಇನ್ನೊಂದು ಸಲ ಬಂದಾಗ ನೋಡೋಣ.”

“ಕಮಲ?” ಅಂದರು ಮಾವನವರು, ನನ್ನ ಹೆಸರೆತ್ತಿ. ಪುಣ್ಯಾತ್ಮರು, ಅಷ್ಟಾದರೂ ಕೇಳಿದರು.

“ಮನೆ ಸಿಕ್ಕಿದ ಮೇಲೆ ಕಾಗದ ಬರೀತೀನಿ.”

ಬಾಗಿಲ ಹಿಂದೆ ನಿಂತು ಅದನ್ನೂ ಕೇಳಿಸಿಕೊಂಡೆ. ಕಾಗದ ಬರೆಯುವುದರಲ್ಲಿ ಅವರು ಎಂಥವರು ಅಂತ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಇನ್ನೊಂದು ನಾಲ್ಕು ವರ್ಷ ಬೊಂಬಾಯಿಯ ಬೀದಿಗಳ ವರ್ಣನೆ ಕೇಳಬೇಕು, ಪಾತ್ರೆ ಹಿಡಿದುಕೊಂಡು. ಬಂದು ಎರಡು ದಿನವಾಗಿತ್ತು, ನನ್ನ ಕಡೆ ತಿರುಗಿ ಒಂದು ಮಾತಾಡಿರಲಿಲ್ಲ. ನನಗೆ ಅಳು ಬರಲಿಲ್ಲ, ಕೆಟ್ಟ ಕೋಪ ಬಂತು.

ಮಾರನೆಯ ಬೆಳಗ್ಗೆ ಅವರು ಪೆಟ್ರೋಲು ತರಲು ಮೈಸೂರಿಗೆ ಹೋದರು. ಅತ್ತೆ ಭಾಗೀರಥಮ್ಮನವರು ಸೀರೆ ಎತ್ತಿಕಟ್ಟಿ, ಹುಣಸೆಹಣ್ಣು ಕಿವುಚಿದ ದೊಡ್ಡ ತಪ್ಪಲೆ ತಂದಿಟ್ಟರು. “ಬಾರೇ, ಇದನ್ನ ಬೆಳಗೋಣ” ಅಂದರು. ನಾನು ಕಂಚುಗಾರರ ಊರಾದ ನಾಗಮಂಗಲದವಳು, ಕಂಚು ಹಿತ್ತಾಳೆ ಬೆಳಗುವುದನ್ನು ಯಾರೂ ಹೇಳಿಕೊಡಬೇಕಿಲ್ಲ. ಚಕ್ರದ ಕಡ್ಡಿ ಕಡ್ಡಿಯನ್ನೂ ಉಜ್ಜಿದೆವು. ಕಪ್ಪು ಬಣ್ಣ ಅಲ್ಲಲ್ಲಿ ಎದ್ದುಬಂದಾಗ ಅತ್ತೆ, ಅಂತೂ ಮೈಲಿಗೆ ಬಿಡ್ತು ಅಂದರು. ಆಮೇಲೆ ಪೆಟ್ರೋಲು ತುಂಬುವ ಬುಂಡೆಯ ಮುಚ್ಚಳ ಕಣ್ಣಿಗೆ ಬಿತ್ತು. ತಿರುಗಿಸಿ ತೆಗೆದರು, ಒಳಗೆ ಖಾಲಿ. ಹಡಗಿನವರು ಪೆಟ್ರೋಲನ್ನು ಪೂರ್ತಿ ಬಸಿದ ಮೇಲೆಯೇ ಗಾಡಿ ಏರಿಸಿಕೊಳ್ಳುತ್ತಾರೆ.

“ಇದು ಪಾತ್ರೆಯೇ ಕಣೇ. ಪಾತ್ರೆ ಅಂದಮೇಲೆ ಒಳಗೂ ತೊಳೀಬೇಕಲ್ವೇ?”

ನಾನು ಬಗ್ಗಿ ಒಳಗೆ ಇಣುಕಿದೆ. ಹೋದ ವರ್ಷದ ಒಂದು ಕಾಗದದಲ್ಲಿ ಅವರು ಬರೆದಿದ್ದರು, ಮಳೆಯಲ್ಲಿ ಪೆಟ್ರೋಲಿಗೆ ನೀರು ಸೇರಿ ಗಾಡಿ ನಿಂತುಹೋಯಿತು, ಹನ್ನೊಂದು ಮೈಲಿ ತಳ್ಳಿಕೊಂಡು ಹೋದೆ ಅಂತ. ನೀರು ಒಂದು ತೊಟ್ಟು ಸೇರಿದರೂ ಸತ್ತೇಹೋಗುತ್ತದೆ ಅಂತ. ಮಾವನವರು ಆ ಸಾಲನ್ನು ಎರಡು ಸಲ ಓದಿದ್ದರು.

“ಹೌದು ಅತ್ತೆ, ತೊಳೀಬೇಕು” ಅಂದೆ. ಒಂದು ಚೊಂಬು ಹುಣಸೆ ನೀರನ್ನು ನಾನೇ ಸುರಿದೆ. ಅತ್ತೆಯ ಮಾತಿಗೆ ಎದುರಾಡಬಾರದೆಂದು ನನ್ನ ತಾಯಿ ಹೇಳಿ ಕಳಿಸಿದ್ದಳು. ನೀರು ಹೊರಗೆ ಚೆಲ್ಲಲು ಅಷ್ಟು ಭಾರದ ಗಾಡಿಯನ್ನು ಬುಡಮೇಲು ಮಾಡುವ ಶಕ್ತಿ ನಮ್ಮಿಬ್ಬರಿಗೂ ಇರಲಿಲ್ಲ. ಮುಚ್ಚಳ ಮುಚ್ಚಿ, ಕುಂಕುಮ ಇಟ್ಟು, ಒಳಗೆ ತಂದೆವು.

ಸೋಮವಾರ ಬೆಳಗ್ಗೆ ಕೃಷ್ಣಾಜಿನದ ಮೇಲೆ ಕೂತು ಅವರು ಹೊರಟರು. ಬೀದಿಯೆಲ್ಲ ಹೊಗೆ. ಹಿರೋಡೆಗೆ ಹೋಗಿ (ಈಗ ಅದನ್ನು ಪಾಂಡವಪುರ ಅನ್ನುತ್ತಾರೆ), ಚಿನಕುರಳಿ ಮೇಲೆ ಕೃಷ್ಣರಾಜಪೇಟೆ, ಅಲ್ಲಿಂದ ಅರಸೀಕೆರೆ, ಹುಬ್ಬಳ್ಳಿ, ಪುಣೆ ಅಂತ ಮಾವನವರು ಬಾಯಿಪಾಠ ಮಾಡಿಕೊಂಡಿದ್ದರು. ಗಾಡಿ ಹೊರಟೇಬಿಟ್ಟಿತಲ್ಲ ಅಂತ ನನಗೆ ಎದೆ ಒಡೆದುಹೋಯಿತು. ಒಂದು ಚೊಂಬು ಸಾಲಲಿಲ್ಲವೇನೋ ಅಂತ ಇಡೀ ಹಗಲು ಪರಿತಪಿಸಿದೆ.

ಸಾಯಂಕಾಲ ದೀಪ ಹಚ್ಚುವುದಕ್ಕೆ ಮುಂಚೆ ಎತ್ತಿನ ಗಾಡಿಯೊಂದು ಬಂದು ನಿಂತಿತು. ಮೇಲೆ ಮೋಟಾರ್ ಸೈಕಲ್ಲು ಕುರಿಯ ಹಾಗೆ ಹಗ್ಗ ಕಟ್ಟಿಸಿಕೊಂಡು ಮಲಗಿತ್ತು. ಪಕ್ಕದಲ್ಲಿ ಅವರು. ಗಾಡಿ ಹೊಡೆಯುತ್ತಿದ್ದವನು ಚಿನಕುರಳಿಯ ಒಕ್ಕಲಿಗ ಚಿಕ್ಕಬೀರಯ್ಯ.

“ಬುದ್ದಿ, ನಮ್ಮೂರ್ ಕೆರೆ ಏರಿ ತಾವ ನಿಂತ್ಬುಡ್ತು,” ಅಂದ ಮಾವನವರಿಗೆ. “ಅಯ್ನೋರು ಒದ್ರು ಒದ್ರು, ಕಾಲೇ ಊದ್ಕತು. ನಾವ್ ನಾಕ್ ಜನ ನೂಕುದ್ರೂ ಜಪ್ಪಯ್ಯ ಅನ್ನಿಲ್ಲ. ಆಮೇಕೆ ಆ ಬುಂಡೆ ಮುಚ್ಳ ತಗುದ್ರೆ ಉಳಿ ಉಳಿ ವಾಸ್ನೆ. ನಮ್ ಸಣ್ಣಯ್ಯ ಮೂಸ್ ನೋಡ್ಬುಟ್ಟು, ಸಾರಿಗೆ ವಗ್ಗರಣೆ ಒಂದ್ ಕಮ್ಮಿ ಕಣ್ಲಾ ಅಂದ. ಇಕಳಿ, ಉಣಿಸೆ ನಾರು.”

ಅಂಗೈ ಮೇಲೆ ನಾರು ಇಟ್ಟು ತೋರಿಸಿದ. ಜಗಲಿಯಲ್ಲಿ ಕೂತಿದ್ದವರೆಲ್ಲ ಅದನ್ನು ಬಗ್ಗಿ ನೋಡಿದರು. ನನ್ನ ಗಂಡನ ಮುಖ ಕೆಂಡವಾಗಿತ್ತು.

“ಯಾರು ಮಾಡಿದ್ದು ಇದನ್ನ?”

“ನಾನೇ ತೊಳೆಸಿದ್ದು ಕಣೋ,” ಅಂದರು ಅತ್ತೆ, ಬಾಗಿಲಿಗೆ ಬಂದು. “ಹೊರಗೆ ಮಾತ್ರ ತೊಳೆದು ಒಳಗೆ ಬಿಡೋ ಮನೆ ಇದಲ್ಲ.”

ತಾಯಿ, ಮೇಲೆ ಶಾಸ್ತ್ರ. ಅವರು ಹೋಗಿ ಮೋಟಾರ್ ಸೈಕಲ್ಲಿನ ಹಗ್ಗ ಬಿಚ್ಚತೊಡಗಿದರು. ಒಳಗೆ ನಾನು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕೆ.

ಬುಂಡೆಯ ತಳದಲ್ಲಿ ನಿಂತಿದ್ದ ನೀರು ದಾರಿಯ ಕುಲುಕಾಟಕ್ಕೆ ಮೇಲೆದ್ದು ನಳಿಗೆಗೆ ಇಳಿದಿತ್ತಂತೆ, ಹುಳಿ ತಾಕಿ ಒಳಗಿನ ಯಾವುದೋ ಹಿತ್ತಾಳೆ ಭಾಗ ಕೆಟ್ಟಿತ್ತು. ವಿಲಾಯಿತಿಗೆ ಬರೆದು ತರಿಸಬೇಕು, ಎರಡು ಮೂರು ತಿಂಗಳು. ರೈಲಿನಲ್ಲಿ ಹೋಗಬಹುದಿತ್ತು. ಆದರೆ ಗಾಡಿ ಬಿಟ್ಟು ಹೊರಡಲು ಅವರಿಗೆ ಮನಸ್ಸಾಗಲಿಲ್ಲ. ಹೋಗುವ ದಿನ ಮುಂದೂಡುತ್ತ ಹೋದಂತೆ ಬೊಂಬಾಯಿಯವರು ಬೇರೆಯವರನ್ನು ತೆಗೆದುಕೊಂಡರು. ಶ್ರಾವಣ ಬಂತು. ಮೀಸೆ ಹೋಯಿತು, ಪಂಚಗವ್ಯ ಆಯಿತು, ಅವರು ಒಳಗೆ ಬಂದರು. ಮಾವನವರು ಯಾರನ್ನೋ ಹಿಡಿದು ಕನ್ನಂಬಾಡಿ ಕಟ್ಟೆಯ ಕೆಲಸದಲ್ಲಿ ಒಂದು ಜಾಗ ಗೊತ್ತು ಮಾಡಿದರು.

ನಾನು ಗೆದ್ದೆ ಅಂದುಕೊಂಡೆ. ಆದರೆ ಗೆದ್ದು ತಂದದ್ದು ಏನನ್ನು? ಅವರು ಬಡಿಸಿದ್ದನ್ನು ಉಂಡು, ಎಲೆಯಡಿಕೆ ಹಾಕಿ, ಗೋಡೆಗೊರಗಿ ಬೀದಿ ನೋಡುತ್ತಿದ್ದರು. ನಮ್ಮ ಬೀದಿಯ ಗಂಡಸರೆಲ್ಲ ಕೂರುವ ಹಾಗೇ. ನನ್ನನ್ನು ಕರೆಯಬೇಕಾದಾಗ ‘ಇಲ್ಲಿ ನೋಡು’ ಅನ್ನುತ್ತಿದ್ದರು. ಹಿಮದಲ್ಲಿ ಬೆರಳು ಮರಗಟ್ಟಿಸಿಕೊಂಡು ನಗುತ್ತಿದ್ದವನನ್ನು ನನ್ನ ಕೈಯಾರೆ ಕೊಂದೆ ಅನ್ನಿಸುತ್ತಿತ್ತು.

ಒಂದು ದಿನ ಕೃಷ್ಣರಾಜಪೇಟೆಯ ಶಾನುಭೋಗರು ಬಂದಿದ್ದರು. ಸ್ಕಾಟ್‌ಲೆಂಡಿನ ಕಥೆ ಹೇಳಿ ಅಂದರು. ಅವರು ಬೇಡದ ಕೆಲಸ ಮಾಡುವವರ ಹಾಗೆ ಹೇಳಿದರು. ನಡುವೆ ಒಂದು ಊರಿನ ಹೆಸರು ಬರಲಿಲ್ಲ. “ಯಾವುದೋ ಒಂದೂರು. ಮರೆತುಹೋಯ್ತು ಬಿಡಿ.”

“ಇನ್‌ವರ್ನೆಸ್” ಅಂದೆ, ಬಾಗಿಲ ಹಿಂದಿನಿಂದ.

ಗಟ್ಟಿಯಾಗಿಯೇ ಅಂದಿದ್ದೆ. ಮಾವನವರು ಕೆಮ್ಮಿದರು. ಶಾನುಭೋಗರು ಮೆಲ್ಲಗೆ ಬೇರೆ ಮಾತು ತೆಗೆದರು.

ಮಾರನೆಯ ಬೆಳಗ್ಗೆ ಅವರು ಹಿತ್ತಲಿನ ಬಾವಿಯ ಹತ್ತಿರ ಬಂದರು. ನಾನು ಪಾತ್ರೆ ಬೆಳಗುತ್ತಿದ್ದೆ.

“ಕಾಗದ ಎಲ್ಲಾನೂ ಕೇಳಿಸಿಕೊಂಡಿದ್ದೀಯಾ?”

“ಎಲ್ಲಾನೂ.”

“ಪೆಟ್ರೋಲಿಗೆ ನೀರು ಸೇರಿದ್ದು?”

ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ. “ಅದೂ ಕೇಳಿದ್ದೆ. ಗೊತ್ತಿದ್ದೇ ಸುರಿದೆ.”

ಬೈಯುತ್ತಾರೆ, ತವರಿಗೆ ಅಟ್ಟುತ್ತಾರೆ ಅಂದುಕೊಂಡೆ. ಅವರು ಬಾವಿಕಟ್ಟೆಯ ಮೇಲೆ ಕೂತುಬಿಟ್ಟರು. ಮೀಸೆಯಿಲ್ಲದ ಮುಖ ಎಳೆಯದಾಗಿ, ಪೆಚ್ಚಾಗಿ ಕಂಡಿತು. ಬಹಳ ಹೊತ್ತು ನನ್ನನ್ನೇ ನೋಡಿದರು. ಮದುವೆಯಾಗಿ ಏಳು ವರ್ಷವಾಗಿತ್ತು.

“ಅಲ್ಲಿದ್ದಾಗ ಎಷ್ಟೋ ಸಲ ಅನ್ನಿಸ್ತಿತ್ತು,” ಅಂದರು, “ಇದನ್ನೆಲ್ಲ ಬರೀತೀನಲ್ಲ, ಯಾರಾದರೂ ಮನಸ್ಸಿಟ್ಟು ಕೇಳ್ತಾರೋ ಇಲ್ವೋ ಅಂತ. ನೀನು ಅಂತ ನನಗೆ ಹೊಳೆಯಲೇ ಇಲ್ಲ.”

ನಾನು ಬೂದಿ ಮೆತ್ತಿದ ಕೈಯನ್ನೇ ನೋಡುತ್ತಿದ್ದೆ.

“ಕನ್ನಂಬಾಡೀಲಿ ಕ್ವಾರ್ಟರ್ಸ್ ಕೊಡ್ತಾರಂತೆ. ಬರ್ತೀಯಾ?”

ಕರೆದುಕೊಂಡು ಹೋಗುತ್ತೇನೆ ಅನ್ನಲಿಲ್ಲ. ಬರ್ತೀಯಾ ಅಂದರು. ಅವರಿಗೆ ಹೇಳಬೇಕೆಂದು ನಾಲ್ಕು ವರ್ಷದಿಂದ ಎಷ್ಟು ಮಾತು ಕೂಡಿಟ್ಟಿದ್ದೆ, ಒಂದಕ್ಕಿಂತ ಒಂದು ಹರಿತ. ಆದರೆ ಆ ಮನೆಯಲ್ಲಿ ಅಲ್ಲಿಯವರೆಗೆ ನಿನ್ನ ಇಷ್ಟವೇನು ಅಂತ ನನ್ನನ್ನು ಕೇಳಿದವರು ಇರಲಿಲ್ಲ. ಹ್ಞೂಂ ಅನ್ನಲು ನನಗೆ ಬಹಳ ಹೊತ್ತು ಹಿಡಿಯಿತು.