ಬ್ಯಾಂಕಿನದೊಂದು, ತನ್ನದೊಂದು

ಖಜಾನೆಯ ಎರಡೂ ಕೀಲಿಕೈ ಒಬ್ಬನ ಬಳಿ ಇರಕೂಡದು. ಬ್ಯಾಂಕಿಗೆ ಸೇರಿದ ವಾರದಲ್ಲೇ ಕಲಿತ ಪಾಠವದು. ಹಾಗಿದ್ದರೆ ಎರಡು ಮತ ಮಾತ್ರ ಒಬ್ಬನ ಬಳಿ ಹೇಗೆ ಇರಬಹುದು? ಇದ್ದರೂ, ಹಾಕುವವನು ಒಬ್ಬನೋ, ಇಬ್ಬರೋ? ಶಾಲೆಯ ಮೆಟ್ಟಿಲ ಮೇಲೆ, ಮತದಾನದ ಸಾಲಿನಲ್ಲಿ ನಿಂತ ಮೋಕ್ ಶಿಂಗ್‌ಫೈಗೆ ಇದೇ ಯೋಚನೆ. ಸೆಪ್ಟೆಂಬರಿನ ಸೆಕೆಗೆ ಅಂಗಿ ಬೆನ್ನಿಗೆ ಅಂಟಿತ್ತು. ಎದೆ ಮಾತ್ರ ಹುಡುಗನ ಎದೆಯ ಹಾಗೆ ಕುಣಿಯುತ್ತಿತ್ತು.

ಹಾಂಗ್‌ಕಾಂಗ್‌ನ ಶಾಸನಸಭೆಯಲ್ಲಿ ಬ್ಯಾಂಕುಗಳಿಗೆಂದೇ ಮೀಸಲಾದ ಕುರ್ಚಿಯೊಂದಿದೆ. ಅದಕ್ಕೆ ಜನ ಮತ ಹಾಕುವುದಿಲ್ಲ, ಬ್ಯಾಂಕುಗಳು ಹಾಕುತ್ತವೆ. ಬ್ಯಾಂಕಿಗೆ ಕೈಕಾಲಿಲ್ಲವಾದ್ದರಿಂದ ಪ್ರತಿಯೊಂದೂ ತನ್ನ ಪರವಾಗಿ ಒಬ್ಬರನ್ನು ಕಳಿಸುತ್ತದೆ. ಔಯಂಗ್ ಮನೆತನದ ಸಣ್ಣ ಬ್ಯಾಂಕು ಬಹಳ ಕಾಲದಿಂದ ಮೋಕ್‌ನ ಹೆಸರನ್ನೇ ಬರೆಸಿತ್ತು. ಕೆಲಸವೇನೂ ಇರಲಿಲ್ಲ. ಪ್ರತಿ ಸಲವೂ ಒಬ್ಬರೇ ನಿಲ್ಲುತ್ತಿದ್ದರು, ಮತದಾನವಿಲ್ಲದೆ ಗೆಲ್ಲುತ್ತಿದ್ದರು. ಈ ಸಲ ಟೊಂಗ್ ಎಂಬವರಿಗೆ ಎದುರಾಗಿ ಚುಯಿ ಎಂಬವರೂ ನಿಂತುಬಿಟ್ಟರು. ಒಟ್ಟು ಮತಗಳೇ ನೂರರ ಆಚೀಚೆ. ಮೋಕ್‌ನ ಹೆಸರೂ ತಿಳಿಯದಿದ್ದ ದೊಡ್ಡ ಮನುಷ್ಯರು ಫೋನ್ ಮಾಡಿ ಆರೋಗ್ಯ ವಿಚಾರಿಸತೊಡಗಿದರು. ಒಬ್ಬರಂತೂ ಅವನಿಗಾಗಿ ಲಿಫ್ಟಿನ ಬಾಗಿಲು ಹಿಡಿದು ನಿಂತರು. ನಾಚಿಕೆಯಾದರೂ ಅದು ಅವನಿಗೆ ಹಿಡಿಸಿತ್ತು.

ಶುಕ್ರವಾರ ಅಧ್ಯಕ್ಷ ಔಯಂಗ್ ಅವನನ್ನು ಕರೆಸಿ, ತಾವೇ ಚಹಾ ಬಗ್ಗಿಸಿಕೊಟ್ಟು, "ಟೊಂಗ್ ನಮ್ಮವನು ಕಣಯ್ಯಾ. ನಿನಗೆ ಬಿಡಿಸಿ ಹೇಳ್ಬೇಕಾ?" ಎಂದಿದ್ದರು. ಬೇಡವೆಂದು ಇವನು ತಲೆಯಾಡಿಸಿದ್ದ.

ತೊಡಕಿದ್ದದ್ದು ಮನೆಯಲ್ಲಿ. ಕಾಲೇಜು ಓದುವ ಮಗಳು ಹೊಯ್‌ಟಿಂಗ್, ಅವರದೇ ಬಡಾವಣೆಯಲ್ಲಿ ಜನರ ಮತ ಕೇಳುತ್ತಿದ್ದ ಯಿಪ್ ಟೀಚರ್ ಪರವಾಗಿ ಓಡಾಡುತ್ತಿದ್ದಳು. ಕಂಪನಿಗಳು ಮತ ಹಾಕುವ ಕುರ್ಚಿಗಳನ್ನು ಸಭೆಯಿಂದಲೇ ತೆಗೆಸುತ್ತೇನೆಂಬುದು ಟೀಚರ ಮೊದಲ ಮಾತು. ಅಪ್ಪ ಬ್ಯಾಂಕಿನ ಮತವನ್ನೂ ಹಾಕುತ್ತಾನೆಂದು ತಿಳಿದ ದಿನದಿಂದ ಹೊಯ್‌ಟಿಂಗ್ ಅವನೊಂದಿಗೆ ಊಟಕ್ಕೆ ಕೂತಿರಲಿಲ್ಲ. ಜಗಳವಾಡಿದ್ದರೆ ತಡೆದುಕೊಳ್ಳಬಹುದಿತ್ತು. ಅವಳು ಸುಮ್ಮನಿದ್ದಳು. ಚುನಾವಣೆ ಮುಗಿದರೂ ಈ ಮೌನ ಮುಗಿಯದಿದ್ದರೆ ಎಂಬುದೇ ಅವನ ಭಯ.

ಈಗಷ್ಟೇ, ಶಾಲೆಯ ತಿರುವಿನಲ್ಲಿ, ಅವಳು ಕರಪತ್ರ ಹಂಚುತ್ತ ಎದುರಾಗಿದ್ದಳು. ಗುರುತಿಲ್ಲದವನಿಗೆ ಕೊಡುವಂತೆ ಅವನಿಗೂ ಒಂದು ಕೊಟ್ಟು, "ಬನ್ನಿ ಸಾಹೇಬ್ರೆ. ಒಳಗೆ ನಮ್ಮಪ್ಪ ಹೋಗ್ತಾರೋ, ಬ್ಯಾಂಕು ಹೋಗುತ್ತೋ?" ಎಂದಳು. ಗೆಳತಿಯರು ಕಿಸಕ್ಕನೆ ನಕ್ಕರು.

"ಇಬ್ರೂ ಹೋಗ್ತೀವಮ್ಮ," ಎಂದ ಮೋಕ್.

ನಗು ಬಂತೇನೋ, ತುಟಿ ಕಚ್ಚಿ ಆಚೆ ತಿರುಗಿದಳು. ಚುಚ್ಚುಮಾತಾದರೇನು, ಮಾತಾಡಿದಳಲ್ಲ! ಅವನು ಮೆಟ್ಟಿಲನ್ನು ಎರಡೆರಡಾಗಿ ಹತ್ತಿದ್ದ.

ಒಳಗೆ ಅಧಿಕಾರಿ ಎರಡು ಬಣ್ಣದ ಚೀಟಿಗಳನ್ನೂ ಗುರುತು ಒತ್ತುವ ಠಸ್ಸೆಯನ್ನೂ ಕೊಟ್ಟಳು. ಹಿಂದಿದ್ದ ಮುದುಕಿ ಕತ್ತು ಚಾಚಿ, "ಇವನಿಗ್ಯಾಕೆ ಎರಡು? ನನಗೂ ಎರಡು ಕೊಡವ್ವ," ಎಂದು ತಕರಾರು ತೆಗೆದಳು. ಸಾಲಿಗೆ ಸಾಲೇ ನಕ್ಕಿತು. ಅಧಿಕಾರಿ ನಿಯಮ ವಿವರಿಸುತ್ತಿದ್ದಂತೆ ಮೋಕ್ ಕೆಂಪಾದ ಕಿವಿ ಹೊತ್ತು ಮರೆಗೆ ಸೇರಿಕೊಂಡ.

ಮೊದಲು ಬ್ಯಾಂಕಿನ ಚೀಟಿ. ಚುಯಿಗೆ ಒತ್ತಿದರೂ ಯಾರಿಗೂ ತಿಳಿಯುವಂತಿರಲಿಲ್ಲ. ಇಡೀ ಊರಿನ ದೊಡ್ಡವರು ತನ್ನ ಹೆಬ್ಬೆರಳಿನ ಕೆಳಗಿದ್ದಾರೆ ಎಂದು ಅರೆಕ್ಷಣ ಎನಿಸಿತು. ಆದರೆ ಈ ಚೀಟಿ ತನ್ನದಲ್ಲ, ನಂಬಿ ಕೊಟ್ಟವರದು. ಟೊಂಗ್ ಹೆಸರಿಗೆ ಒತ್ತಿದ.

ಇನ್ನೊಂದನ್ನು ಯಾರೂ ನಂಬಿ ಕೊಟ್ಟಿರಲಿಲ್ಲ. ಅದು ಅವನದೇ. ಯಿಪ್ ಟೀಚರ ಹೆಸರಿನ ಮೇಲೆ ಹಲಗೆ ಕಿರುಗುಟ್ಟುವಂತೆ ಒತ್ತಿದ. ಕುರ್ಚಿಯಲ್ಲಿ ಕೂರುವವನಿಗೊಂದು, ಆ ಕುರ್ಚಿಯನ್ನೇ ಹೊರಗೆಸೆಯುವವಳಿಗೊಂದು, ಎರಡೂ ಒಂದೇ ಕೈಯಿಂದ! ಒಳಗಿನಿಂದ ನಗು ಉಕ್ಕಿ ಬಂತು, ಕೆಮ್ಮಿ ಮುಚ್ಚಿಕೊಂಡ.

ಟೊಂಗ್ ಗೆದ್ದ ಸುದ್ದಿ ಬೇಗ ಬಂತು. ಯಿಪ್ ಟೀಚರದು ಬರಲಿಲ್ಲ. ಅವರ ಮತ್ತು ಎದುರಾಳಿಯ ಮತಗಳು ಕೂದಲೆಳೆಯ ಅಂತರದಲ್ಲಿದ್ದುದರಿಂದ ಮರುಎಣಿಕೆ ಬೆಳಗಿನವರೆಗೂ ಎಳೆಯಿತು. ಸೋಮವಾರ ಮೋಕ್ ಎಂದಿನ ಚಹಾ ಅಂಗಡಿಯಲ್ಲಿ ಕೂತಿದ್ದಾಗ ಟೀವಿಯಲ್ಲಿ ಚುನಾವಣಾಧಿಕಾರಿ ಕಾಣಿಸಿಕೊಂಡ. ಅಂಗಡಿಯವನು ಬಾಣಲೆಯ ಕೆಳಗಿನ ಉರಿ ಆರಿಸಿದ. ಯಿಪ್ ಹೆಸರು ಕೇಳಿದ್ದೇ ತಡ, ಅಂಗಡಿ ಹೋ ಎಂದಿತು. ಯಾರೋ ಮೇಜು ಗುದ್ದಿದರು, ಇನ್ಯಾರದೋ ಲೋಟ ಉರುಳಿತು. ಮೋಕ್ ತಾನು ಎದ್ದು ನಿಂತಿರುವುದನ್ನು ಗಮನಿಸಿ ಮೆಲ್ಲನೆ ಕೂತ.

ಸ್ವಲ್ಪ ಹೊತ್ತಿಗೆ ಹೊಯ್‌ಟಿಂಗ್ ಎಣಿಕೆ ಕೇಂದ್ರದಿಂದ ನೇರವಾಗಿ ಓಡಿಬಂದಳು. ಗಂಟಲು ಪೂರಾ ಕೂತಿತ್ತು. ಅವನ ಎದುರಿಗೇ ಧೊಪ್ಪನೆ ಕೂತು, ಅವನ ಚಹಾವನ್ನೇ ಗಟಗಟ ಕುಡಿದು, ಬೆಣ್ಣೆ ಹಚ್ಚಿದ ಅವನ ಬನ್ನಿನಲ್ಲಿ ಅರ್ಧ ಮುರಿದುಕೊಂಡಳು.

"ಗೆದ್ವಿ ಅಪ್ಪ. ನಿಮ್ಮ ಕುರ್ಚಿ ಕಿತ್ತು ಹಾಕ್ತೀವಿ, ನೋಡ್ತಿರು."

"ನೋಡ್ತೀನಿ."

"ಬೇಜಾರಾಯ್ತಾ?"

"ನಮ್ಮ ಟೊಂಗ್ ಗೆದ್ರಲ್ಲ."

ಅವಳು ದನಿಯಿಲ್ಲದೆ ನಕ್ಕು, ಬನ್ನಿನ ಉಳಿದ ಅರ್ಧಕ್ಕೂ ಕೈಹಾಕಿದಳು. ಮಾತು ಮೋಕ್‌ನ ನಾಲಿಗೆಯ ತುದಿಗೆ ಬಂದಿತ್ತು. ಆದರೆ ಒಂದು ಚೀಟಿಯ ಗುಟ್ಟು ಹೇಳಿದರೆ ಇನ್ನೊಂದಕ್ಕೆ ಕ್ಷಮೆ ಬೇಡಿದಂತಾಗುತ್ತಿತ್ತು. ಅವಳು ಎದುರಿಗೆ ಕೂತು ತಿನ್ನುತ್ತಿದ್ದಳು. ಅವನು ಇನ್ನೆರಡು ಬನ್ನು ಹೇಳಿದ.

ಯಿಪ್ ಟೀಚರ್‌ಗೆ ತಾನೂ ಮತ ಹಾಕಿದ್ದೆನೆಂದು ಅವನು ಮಗಳಿಗೆ ಎಂದೂ ಹೇಳಲಿಲ್ಲ.