ಯೋಗೀಶನ ಹೆಸರಿನಲ್ಲಿ ಓಡಿದ್ದು

ಯೋಗೀಶನಿಗೆ ಎಳನೀರಿನ ಬೊಂಡ ಕುಡಿಸಿ ಕೊಂದದ್ದು ಅವನ ಅಮ್ಮನೇ ಅಂತ ಇಡೀ ಕಾಪು ಊರೇ ಹೇಳ್ತದೆ. ಮೀನು ಮಾರ್ಕೆಟಿನಲ್ಲಿ ಹೇಳ್ತಾರೆ, ಬಸ್ ಸ್ಟ್ಯಾಂಡಿನಲ್ಲಿ ಹೇಳ್ತಾರೆ, ನಮ್ಮ ಚಾವಡಿಯಲ್ಲೇ ಕೂತು ನಾವು ಕೊಟ್ಟ ಚಾ ಕುಡಿದು ಹೇಳಿ ಹೋದವರೂ ಉಂಟು. ಸುಳ್ಳು ಮಾರಾಯ್ರೆ. ಕೊಟ್ಟದ್ದು ನಾನು, ಅವನ ಅಕ್ಕ ಸೌಮ್ಯಶ್ರೀ.

ಯೋಗೀಶ ಬೋಟಿಗೆ ಹೋಗುತ್ತಿದ್ದವನು. ಎರಡು ವರ್ಷದ ಹಿಂದೆ ಕಿಡ್ನಿ ಕೈಕೊಟ್ಟಿತು. ವಾರಕ್ಕೆ ಮೂರು ಸಲ ಡಯಾಲಿಸಿಸ್‌ಗೆ ಮಣಿಪಾಲ. ಹೋಗುವಾಗ ಬಸ್ಸಿನಲ್ಲಿ ಕಂಬ ಹಿಡಿದು ನಿಂತು ಹೋಗ್ತಿದ್ದ, ಬರುವಾಗ ನನ್ನ ಹೆಗಲಿಗೆ ಬಿದ್ದು ಬರ್ತಿದ್ದ. ನಾನು ಸ್ಕೂಟರಿನಲ್ಲಿ ಮಣಿಪಾಲದ ಫ್ಲ್ಯಾಟುಗಳಿಗೆ ಮೀನು ಕೊಡುವವಳು. ಅಲ್ಲಿ ಮ್ಯಾಥ್ಯೂ ಡಾಕ್ಟರು ಅಂತ ಒಬ್ಬರು ನನ್ನ ಗಿರಾಕಿ. ಅವರದ್ದೊಂದು ಓಟದ ಕ್ಲಬ್ಬು. "ಈ ಸಲ ಮ್ಯಾರಥಾನ್ ಮಾಡಿ ಕಾಪುವಿಗೇ ಒಂದು ಡಯಾಲಿಸಿಸ್ ಯಂತ್ರ ತರುವ ಅಂತ ಉಂಟು. ನೀವೂ ಓಡಿ ಸೌಮ್ಯ, ರೋಗಿಯ ಮನೆಯವರು ಓಡಿದರೆ ಜನ ಕೈಬಿಚ್ಚಿ ಕೊಡ್ತಾರೆ" ಅಂದರು. ಎಷ್ಟು ಓಡಬೇಕು ಕೇಳಿದೆ. ನಲವತ್ತೆರಡು ಕಿಲೋಮೀಟರ್ ಅಂದರು. ಸಾವು! ನಾನು ಬಸ್ಸು ಹಿಡಿಯಲಿಕ್ಕೆ ಬಿಟ್ಟು ಬೇರೆ ಯಾತಕ್ಕೂ ಓಡಿದವಳಲ್ಲ. ಆದರೆ ಯಂತ್ರ ಕಾಪುವಿಗೆ ಬಂದರೆ ಯೋಗೀಶ ನಡೆದೇ ಹೋಗಿ ಬರಬಹುದಲ್ವಾ? ಹ್ಞೂಂ ಅಂದುಬಿಟ್ಟೆ.

ಬೆಳಿಗ್ಗೆ ಐದಕ್ಕೆ ಎದ್ದು ಹೈವೇ ಬದಿಯಲ್ಲಿ ಕಟಪಾಡಿಯವರೆಗೆ ಓಡುವುದು, ತಿರುಗಿ ಬರುವುದು. ಮೊದಲ ವಾರ ಕಾಲಿನ ಉಗುರು ಕಪ್ಪಾಯಿತು. ಪಕ್ಕದ ಮನೆಯ ಕಿಟ್ಟ ಗೇಟಿನ ಹತ್ತಿರ ನಿಂತು, "ಎಂತ ಸೌಮ್ಯಕ್ಕ, ಪೊಲೀಸರು ಹಿಂದೆ ಬಿದ್ದಿದ್ದಾರಾ?" ಅಂತ ಕೇಳುತ್ತಿದ್ದ. "ಇಲ್ಲ ಮಾರಾಯ, ಬೆಳಿಗ್ಗೆ ಬೆಳಿಗ್ಗೆ ನಿನ್ನ ಮುಖ ನೋಡಿದೆ, ಅದಕ್ಕೆ ಓಡ್ತಿದ್ದೇನೆ" ಅನ್ನುತ್ತಿದ್ದೆ. ಆದರೂ ಪಾಪ, ಓಡಿದ ಮೇಲೆ ಬೊಂಡ ಕುಡಿಯಬೇಕು ಅಂತ ಡಾಕ್ಟರು ಹೇಳಿದ್ದು ಗೊತ್ತಾಗಿ ಅವನೇ ಮರ ಹತ್ತಿ ಒಂದು ಗೊನೆ ಇಳಿಸಿ ನಮ್ಮ ಬಾವಿಕಟ್ಟೆಯಲ್ಲಿ ಇಟ್ಟು ಹೋದ.

ಮೂವತ್ತು ಕಿಲೋಮೀಟರ್ ಓಡಿದ ಆ ಭಾನುವಾರ ನಾನು ಬಾವಿಕಟ್ಟೆಯಲ್ಲಿ ಕೂತು ಬೊಂಡ ಕೆತ್ತಿ ಕುಡಿಯುತ್ತಿದ್ದೆ. ಯೋಗೀಶ ಎದುರಿಗೆ ಕೂತು ನೋಡುತ್ತಿದ್ದ. ಅವನಿಗೆ ದಿನಕ್ಕೆ ಮೂರು ಲೋಟ ನೀರು, ಅಷ್ಟೇ. ಶುಕ್ರವಾರ ಡಯಾಲಿಸಿಸ್ ಆಗಿತ್ತು, ಇನ್ನು ಸೋಮವಾರ. ತುಟಿ ಒಡೆದುಹೋಗಿತ್ತು. "ಅಕ್ಕ, ಒಂದು ಗುಟುಕು" ಅಂದ. ಆಸ್ಪತ್ರೆಯವರು ಕೊಟ್ಟ ಪಟ್ಟಿ ನನ್ನ ಪರ್ಸಿನಲ್ಲೇ ಇತ್ತು. ಅದರಲ್ಲಿ ಎಳನೀರಿಗೆ ಕೆಂಪು ಗೆರೆ ಹಾಕಿದ್ದನ್ನು ನಾನೇ ಓದಿದ್ದೆ. ಆದರೆ ಬೊಂಡ ಮಾರಾಯ್ರೆ! ಜ್ವರಕ್ಕೆ ಬೊಂಡ, ಬಾಣಂತಿಗೆ ಬೊಂಡ, ಕೋಲದಲ್ಲಿ ಭೂತಕ್ಕೂ ಬೊಂಡ. ಬೊಂಡ ಕುಡಿದು ಸತ್ತವರನ್ನು ನಮ್ಮ ಊರಿನಲ್ಲಿ ಯಾರು ಕಂಡಿದ್ದಾರೆ? ನೀರಿನ ಲೆಕ್ಕಕ್ಕೆ ಹೆಚ್ಚಾಗ್ತದೆ ಅಂತ ಪಟ್ಟಿಯಲ್ಲಿ ಹಾಕಿರಬೇಕು ಅಂದುಕೊಂಡೆ. ಓದಿ ಓದಿ ಮರುಳಾದ ಕೂಚುಭಟ್ಟ ಅನ್ನುವ ಗಾದೆ ನನಗೇ ಹೇಳಿದ್ದು. ಒಂದು ಕೆತ್ತಿಕೊಟ್ಟೆ. ಅವನು ಕಣ್ಣು ಮುಚ್ಚಿ ಕುಡಿದು ನಕ್ಕ. ಎಷ್ಟೋ ದಿನದ ಮೇಲೆ ನಕ್ಕದ್ದು. ಇನ್ನೊಂದು ಕೊಟ್ಟೆ.

ಸೋಮವಾರ ಬೆಳಿಗ್ಗೆ ಎದ್ದರೆ ಅವನಿಗೆ ಕಾಲು ಎತ್ತಲಿಕ್ಕೇ ಆಗಲಿಲ್ಲ. ಆಟೋ ಕಟಪಾಡಿ ದಾಟುವಾಗ ಉಸಿರು ನಿಂತಿತು. ಆಸ್ಪತ್ರೆಯಲ್ಲಿ ಡ್ಯೂಟಿಯಲ್ಲಿದ್ದ ಡಾಕ್ಟರು, "ನಿನ್ನೆ ಎಂತ ತಿಂದಿದ್ದರು, ಎಂತ ಕುಡಿದಿದ್ದರು?" ಅಂತ ಕೇಳಿದರು. ನಾನು ಪರ್ಸಿನ ಜಿಪ್ಪು ಎಳೆದು ಮುಚ್ಚಿದೆ. ಅಡುಗೆಮನೆಯ ಕಿಟಕಿಯಿಂದ ಎಲ್ಲ ಕಂಡಿದ್ದ ಅಮ್ಮ ಹಿಂದಿನಿಂದ ಹೇಳಿದಳು, "ನಾನು ಬೊಂಡ ಕೊಟ್ಟೆ. ಎರಡು." ಬೊಂಡದಲ್ಲಿ ಪೊಟ್ಯಾಶಿಯಂ ಉಂಟು, ಕಿಡ್ನಿ ಹೋದವರ ಹೃದಯವನ್ನೇ ಅದು ನಿಲ್ಲಿಸ್ತದೆ ಅಂತ ಡಾಕ್ಟರು ವಿವರಿಸಿದರು. ಯೋಗೀಶನ ಹೆಂಡತಿ ಚೈತಾಲಿ ಅಮ್ಮನ ಮುಖವನ್ನೇ ನೋಡುತ್ತಾ ನಿಂತಿದ್ದಳು.

"ಯಾಕೆ ಹಾಗೆ ಹೇಳಿದ್ದು?" ಅಂತ ಆಮೇಲೆ ನಾನು ಅಮ್ಮನ ಹತ್ತಿರ ಜಗಳಕ್ಕೇ ಹೋದೆ. "ಮೆಲ್ಲ ಮಾತಾಡು," ಅಂದಳು. "ಇನ್ನು ಚೈತಾಲಿಗೂ ಮಗುವಿಗೂ ದುಡಿದು ಹಾಕುವವಳು ನೀನು. ನಿನ್ನನ್ನು ದ್ವೇಷ ಮಾಡಿದರೆ ಅವಳು ಯಾರ ಹತ್ತಿರ ಹೋಗಬೇಕು? ನನ್ನದು ಮುಗಿದ ಕತೆ. ಬೈಯಲಿ." ನಾನು ಒಪ್ಪಿದೆ. ಒಪ್ಪಲಿಕ್ಕೆ ಎಷ್ಟು ಸುಲಭ ಆಯಿತು ಅಂದರೆ, ಹೇಳಲಿಕ್ಕೆ ನಾಚಿಕೆ ಆಗ್ತದೆ.

ಹದಿಮೂರನೆಯ ದಿನದ ಉತ್ತರಕ್ರಿಯೆಯ ಬೊಜ್ಜ ಮುಗಿದ ಮೇಲೆ ಮ್ಯಾಥ್ಯೂ ಡಾಕ್ಟರು ಮನೆಗೆ ಬಂದು, ಯೋಗೀಶನ ಫೋಟೋ ಇರುವ ಟೀ ಶರ್ಟ್ ಹಾಕಿಕೊಂಡು ಓಡಿ ಅಂದರು. ಚೈತಾಲಿ ಅತ್ತೆಯ ಹತ್ತಿರ ಮಾತು ಬಿಟ್ಟಿದ್ದಳು. ಆರು ವರ್ಷದ ಮಗಳು ಮೋಕ್ಷಾಳನ್ನು ಅಜ್ಜಿಯ ಹತ್ತಿರ ಮಲಗಲಿಕ್ಕೂ ಬಿಡುತ್ತಿರಲಿಲ್ಲ. ಅಮ್ಮನಿಗೆ ಬದುಕಲಿಕ್ಕೆ ಉಳಿದದ್ದೇ ಆ ಮಗು. ನಾನು ಒಂದು ನಿಶ್ಚಯ ಮಾಡಿದೆ: ಓಡಿ ಮುಗಿಸುವುದು, ಮುಗಿಸಿದಲ್ಲೇ ಚೈತಾಲಿಗೆ ನಿಜ ಹೇಳುವುದು.

ಓಡಿದೆ. ಮಣಿಪಾಲದಿಂದ ಹೊರಟು ಉಡುಪಿ, ಕಟಪಾಡಿ ದಾಟಿ, ಸುತ್ತಿ ವಾಪಸ್ಸು. ದಾರಿಯುದ್ದಕ್ಕೂ ಒಂದೇ ಮಾತನ್ನು ಬಾಯಿಪಾಠ ಮಾಡಿದೆ: ಚೈತಾಲಿ, ಕೊಟ್ಟದ್ದು ನಾನು. ಮೂವತ್ತೈದನೆಯ ಕಿಲೋಮೀಟರಿನಲ್ಲಿ ಬಿದ್ದೆ, ಎದ್ದೆ. ಮುಗಿಸುವಾಗ ಮೊಣಕಾಲಿನಿಂದ ರಕ್ತ ಸುರಿಯುತ್ತಿತ್ತು. ಜನರೆಲ್ಲ ಎದ್ದು ನಿಂತು ಚಪ್ಪಾಳೆ ಹೊಡೆದರು. ನನ್ನನ್ನು ವೇದಿಕೆಗೆ ಹತ್ತಿಸಿದರು. ಮ್ಯಾಥ್ಯೂ ಡಾಕ್ಟರು ಮೈಕಿನಲ್ಲಿ, "ತಿಳುವಳಿಕೆ ಇಲ್ಲದೆ, ಬರೀ ಪ್ರೀತಿಯಿಂದ ತಾಯಿಯೊಬ್ಬಳು ಮಾಡಿದ ತಪ್ಪು" ಅಂತ ಎಲ್ಲರಿಗೂ ಬುದ್ಧಿ ಹೇಳಿದರು. ಕೊನೆಯ ಸಾಲಿನಲ್ಲಿ ಕೂತ ಅಮ್ಮನನ್ನು ಜನ ಕತ್ತು ತಿರುಗಿಸಿ ನೋಡಿದರು. ಚೈತಾಲಿ ಮೇಲೆ ಬಂದು ನನ್ನನ್ನು ಅಪ್ಪಿಕೊಂಡಳು. "ಅಕ್ಕ, ನನಗೆ ಅಂತ ಇರುವುದು ನೀವೊಬ್ಬರೇ. ನಾಳೆ ಮಗುವನ್ನು ಕರೆದುಕೊಂಡು ಬಜಗೋಳಿಯ ತವರಿಗೆ ಹೋಗ್ತೇನೆ. ಆ ಮುದುಕಿಯ ಜೊತೆ ನನ್ನಿಂದ ಇರಲಿಕ್ಕಾಗುವುದಿಲ್ಲ. ನೀವು ಬಂದು ಹೋಗ್ತಾ ಇರಿ" ಅಂದಳು. ಅಷ್ಟರಲ್ಲಿ ಯಾರೋ ಮೈಕನ್ನು ನನ್ನ ಕೈಗೆ ಕೊಟ್ಟರು. ನಾನು ಬಾಯಿ ತೆರೆದೆ. "ನನ್ನ ಅಮ್ಮನಿಗೆ ಗೊತ್ತಿರಲಿಲ್ಲ. ದಯವಿಟ್ಟು ಅವರನ್ನು ಕ್ಷಮಿಸಿ" ಅಂದೆ. ಥೂ ನನ್ನ ಜನ್ಮಕ್ಕೆ. ಅದಕ್ಕೂ ಚಪ್ಪಾಳೆ ಹೊಡೆದರು.

ಮರುದಿನ ಚೈತಾಲಿಯನ್ನೂ ಮಗುವನ್ನೂ ಕಾರ್ಕಳದ ಬಸ್ಸಿಗೆ ಹತ್ತಿಸಲಿಕ್ಕೆ ನಾನು ಕುಂಟಿಕೊಂಡು ಹೋದೆ. ಬೇಡ ಅಂದರೂ ಅಮ್ಮ ಹಿಂದಿನಿಂದ ಬಂದಳು. ಮೋಕ್ಷಾಳಿಗೆ ದಾರಿಯಲ್ಲಿ ತಿನ್ನಲಿಕ್ಕೆ ನೀರುದೋಸೆ ಮಾಡಿ, ಬಾಳೆಲೆಯಲ್ಲಿ ಕಟ್ಟಿ ತಂದಿದ್ದಳು. ಕಿಟಕಿಯಿಂದ ಪೊಟ್ಟಣ ತೆಗೆದುಕೊಂಡ ಮಗು ಅದನ್ನೊಮ್ಮೆ ಮೂಸಿತು. ಆಮೇಲೆ ನನ್ನನ್ನು ಕೇಳಿತು:

"ಮಾಮಿ, ಇದನ್ನು ತಿಂದರೆ ನಾನೂ ಸಾಯ್ತೇನಾ?"

ಚೈತಾಲಿ ಪೊಟ್ಟಣವನ್ನು ಮಗುವಿನ ಕೈಯಿಂದ ತೆಗೆದು, ಕಿಟಕಿಯಿಂದ ನನಗೆ ಕೊಟ್ಟಳು. ಅಮ್ಮ ಅದನ್ನು ನನ್ನ ಕೈಯಿಂದ ತೆಗೆದುಕೊಂಡಳು, ಅಲ್ಲೇ ನಿಂತು ಬಿಚ್ಚಿದಳು. ಮೋಕ್ಷಾಳಿಗೆ ಕಾಣುವ ಹಾಗೆ, ಬಸ್ಸು ಹೊರಡುವ ಮೊದಲು, ಒಂದು ದೋಸೆಯನ್ನು ಪೂರ್ತಿ ತಿಂದಳು.